ಕೂಪನ್ ಹುಡುಕುವ ಮೊದಲು ಹಳೆಯ ಬಿಲ್ಲು ಹುಡುಕಿ

ಕಳೆದ ಎರಡು ತಿಂಗಳ ದಿನಸಿ ಬಿಲ್ಲುಗಳು ಮನೆಯಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಮೊದಲು ಅವನ್ನು ತೆಗೆದಿಡಿ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಸೋಪು, ಟೂತ್‌ಪೇಸ್ಟ್, ಅಡುಗೆ ಎಣ್ಣೆ, ಚಹಾ ಪುಡಿಯಂತಹ ತಿಂಗಳೂ ತಪ್ಪದ ಸಾಮಾನುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ತಿಂಗಳಿಗೆ ಎಷ್ಟು ಬೇಕು ಮತ್ತು ನಿಮ್ಮೂರಿನ ಅಂಗಡಿಯವರು ಎಷ್ಟಕ್ಕೆ ಕೊಡುತ್ತಾರೆ ಎಂಬುದನ್ನು ಪಕ್ಕದಲ್ಲಿ ನಮೂದಿಸಿಕೊಳ್ಳಿ. ಕೊಡಗಿನಲ್ಲಿ ತೋಟದ ಕಾಫಿಯನ್ನೇ ಪುಡಿ ಮಾಡಿಸಿಕೊಳ್ಳುವ ಮನೆಗಳಿಗೆ ಈ ಪಟ್ಟಿಯಲ್ಲಿ ಕಾಫಿ ಪುಡಿಯ ಸಾಲು ಬೇಕಿಲ್ಲ. ತರಕಾರಿಯನ್ನೂ ಬಿಟ್ಟುಬಿಡಿ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಾಗಲಿ ಶನಿವಾರಸಂತೆಯಲ್ಲಾಗಲಿ ಕೂಪನ್ ನಡೆಯುವುದಿಲ್ಲ, ಚೌಕಾಸಿ ನಡೆಯುತ್ತದೆ.

ಈ ಪಟ್ಟಿಯಲ್ಲಿರುವ ಸಾಮಾನಿಗೆ ಸಿಗುವ ಕೂಪನ್ನನ್ನು ಮಾತ್ರ ಎತ್ತಿಡಿ. ಕೆಲವು ಕೂಪನ್‌ಗಳು ಪೊಟ್ಟಣದ ಒಳಗೇ ಇರುತ್ತವೆ, ಕೆಲವು ಸೂಪರ್ ಮಾರ್ಕೆಟ್ ಬಿಲ್ಲಿನ ತುದಿಯಲ್ಲಿ ‘ಮುಂದಿನ ಖರೀದಿಗೆ’ ಎಂದು ಅಚ್ಚಾಗಿರುತ್ತವೆ, ಉಳಿದವು ಮೊಬೈಲ್ ಆ್ಯಪ್‌ಗಳಲ್ಲಿ ಸಂಕೇತಾಕ್ಷರಗಳಾಗಿಯೋ ಹಣ ಪಾವತಿಸಿದ ಮೇಲೆ ತೆರೆಯುವ ಸ್ಕ್ರ್ಯಾಚ್ ಕಾರ್ಡ್‌ಗಳಾಗಿಯೋ ಬರುತ್ತವೆ. ಬಿಲ್ಲಿನ ಅಕ್ಷರಗಳು ಬೇಗ ಮಾಸಿಹೋಗಬಹುದಾದ್ದರಿಂದ ಅದರ ಫೋಟೊ ತೆಗೆದಿಟ್ಟುಕೊಂಡು, ಕೊನೆಯ ದಿನಾಂಕವನ್ನು ನೋಟ್‌ಬುಕ್ಕಿಗೆ ಏರಿಸುವುದು ಒಳ್ಳೆಯದು. ಅಸಲು ಬಿಲ್ಲನ್ನೂ ಎಸೆಯಬೇಡಿ, ಕೌಂಟರಿನಲ್ಲಿ ಅದನ್ನೇ ಕೇಳುವುದುಂಟು.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಪೊಟ್ಟಣದ ಮೇಲಿನ ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಲು ಅಂಗಡಿಯವರಿಗೆ ಯಾವ ಅಡ್ಡಿಯೂ ಇಲ್ಲ, ಅನೇಕರು ಮಾರುತ್ತಾರೆ ಕೂಡ. 240 ರೂಪಾಯಿ ಎಂಆರ್‌ಪಿ ಇರುವ ಸೋಪಿನ ಪುಡಿಯನ್ನು ನಿಮ್ಮ ಅಂಗಡಿಯವರು 220ಕ್ಕೆ ಕೊಡುತ್ತಿದ್ದರೆ, ಶೇ 10ರ ಕೂಪನ್ ಬಳಸಿ 216ಕ್ಕೆ ತಂದಾಗ ಉಳಿಯುವುದು ನಾಲ್ಕೇ ರೂಪಾಯಿ, ಬಿಲ್ಲು ಹೇಳುವ 24 ಅಲ್ಲ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂಬ ನಂಬಿಕೆಯೂ ಬೇಡ; ಕಿಲೋಗೆ ಅಥವಾ ಗ್ರಾಮಿಗೆ ಎಷ್ಟು ಬೀಳುತ್ತದೆ ಎಂಬುದು ಈಗ ಪೊಟ್ಟಣದ ಮೇಲೆಯೇ ಇರುವುದರಿಂದ ಅದನ್ನು ಹೋಲಿಸಿ ನೋಡಿ.

ಇನ್ನು ಷರತ್ತುಗಳು. ‘499 ರೂಪಾಯಿ ಖರೀದಿಗೆ 50 ರೂಪಾಯಿ ಕಡಿತ’ ಎಂಬ ಕೂಪನ್ ಕೈಯಲ್ಲಿದೆ, ಪಟ್ಟಿಯ ಸಾಮಾನಿಗೆ 430 ಆಗುತ್ತದೆ ಎಂದುಕೊಳ್ಳಿ. ಕೊರತೆ ತುಂಬಿಸಲು 69 ರೂಪಾಯಿಯ ಬಿಸ್ಕತ್ತು ಹಾಕಿದರೆ ಕೊಡಬೇಕಾದದ್ದು 449, ಅಂದರೆ ಕೂಪನ್ ಇಲ್ಲದೆ ಕೊಡಬೇಕಿದ್ದುದಕ್ಕಿಂತ 19 ಹೆಚ್ಚು. ಬಿಸ್ಕತ್ತಿನ ಬದಲು ಮುಂದಿನ ತಿಂಗಳ ಎಣ್ಣೆಯನ್ನೇ ಈಗ ಕೊಂಡರೆ ಅದೇ ಕೂಪನ್ ನಿಜವಾಗಿ 50 ರೂಪಾಯಿ ಉಳಿಸುತ್ತದೆ. ‘ಶೇ 20 ರಿಯಾಯಿತಿ, ಗರಿಷ್ಠ 75 ರೂಪಾಯಿ’ ಎಂಬಂಥದ್ದು 375 ರೂಪಾಯಿಯ ಬಿಲ್ಲಿಗೆ ಪೂರ್ತಿ ದಕ್ಕುತ್ತದೆ. ಸಾವಿರದ ಬಿಲ್ಲಿಗೆ ಅದು ಶೇ 7.5 ಮಾತ್ರ.

ಆ್ಯಪ್ ಕೂಪನ್ ಬಳಸುವವರು ಸಾಮಾನು ಆರಿಸುವುದಕ್ಕೂ ಮೊದಲು ಪಿನ್‌ಕೋಡ್ ಹಾಕಿ ನೋಡಬೇಕು. ಬೆಂಗಳೂರಿನ ಜಾಹೀರಾತಿನಲ್ಲಿ ಕಂಡ ಕೊಡುಗೆ ತೋಟದೊಳಗಿನ ಮನೆಯವರೆಗೆ ಬರುವುದೆಂಬ ಖಾತರಿಯಿಲ್ಲ, ಬಂದರೂ ತಲುಪಿಸುವ ಶುಲ್ಕವೇ ರಿಯಾಯಿತಿಯನ್ನು ನುಂಗಿಬಿಡಬಹುದು. ಮಳೆಗಾಲದಲ್ಲಿ ಮರ ಬಿದ್ದು, ಬರೆ (ರಸ್ತೆ ಬದಿಯ ಗುಡ್ಡದ ಅಂಚು) ಜರಿದು ರಸ್ತೆ ಮುಚ್ಚಿದರೆ ಪಾರ್ಸೆಲ್ ಎಲ್ಲೋ ಕುಳಿತಿರುತ್ತದೆ. ಕರೆಂಟಿಲ್ಲದೆ ಟವರ್ ಸತ್ತ ದಿನವೇ ಕೂಪನ್ನಿನ ಕೊನೆಯ ದಿನವೂ ಆಗಿರುತ್ತದೆ.

ಮಳೆಗೆ ಮೊದಲೇ ಸಾಮಾನು ತುಂಬಿಡುವ ರೂಢಿ ನಮ್ಮಲ್ಲಿ ಹಳೆಯದು, ಮೇ ತಿಂಗಳ ಕೂಪನ್‌ಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಏನನ್ನು ತುಂಬಿಡಬೇಕೆಂಬುದನ್ನು ನಾನು ಕಲಿತದ್ದು ನಷ್ಟದಿಂದ. ಒಂದು ವರ್ಷ ‘ಎರಡಕ್ಕೆ ಎರಡು ಉಚಿತ’ ಎಂಬ ಕೂಪನ್ನಿನಲ್ಲಿ ನಾಲ್ಕು ಕಿಲೋ ಸೋಪಿನ ಪುಡಿ ತಂದು ಅಟ್ಟದಲ್ಲಿಟ್ಟಿದ್ದೆ. ಕಕ್ಕಡದ (ಜುಲೈ–ಆಗಸ್ಟ್‌ನ ಜಡಿಮಳೆಯ ಕೊಡವ ತಿಂಗಳು) ತೇವಕ್ಕೆ ಪೊಟ್ಟಣದ ಅಂಚು ಬಿಟ್ಟುಕೊಂಡು, ಕೊನೆಯ ಎರಡು ಕಿಲೋ ಕಲ್ಲಿನಂತೆ ಗಟ್ಟಿಯಾಗಿ, ಒನಕೆಯಲ್ಲಿ ಕುಟ್ಟಿ ಬಳಸಬೇಕಾಯಿತು. ಈಗ ಮಳೆಗಾಲಕ್ಕೆಂದು ನಾನು ಹೆಚ್ಚಾಗಿ ತರುವುದು ಎಣ್ಣೆ, ಟೂತ್‌ಪೇಸ್ಟ್ ಮತ್ತು ಸೋಪಿನ ಬಿಲ್ಲೆಗಳನ್ನು ಮಾತ್ರ. ಪುಡಿ ಮತ್ತು ಉಪ್ಪನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಹಿಡಿಯುವಷ್ಟೇ ಕೊಳ್ಳುತ್ತೇನೆ.

ವಾಟ್ಸ್ಆ್ಯಪ್‌ನಲ್ಲಿ ಬರುವ ‘ಉಚಿತ ವೋಚರ್’ ಲಿಂಕ್‌ಗಳನ್ನು ತೆರೆಯಬೇಡಿ. ಕೂಪನ್ನಿನ ಹಣ ಪಡೆಯಲು ಯುಪಿಐ ಪಿನ್ ಆಗಲಿ ಒಟಿಪಿಯಾಗಲಿ ಹೇಳಬೇಕಾದ ಪ್ರಮೇಯವೇ ಇಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಅಂಗಡಿಯವರು ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಅಥವಾ ಅಚ್ಚಾದ ಕೊಡುಗೆಯನ್ನು ಕಾರಣವಿಲ್ಲದೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಉಳಿದದ್ದೆಷ್ಟು ಎಂದು ಬರೆಯುವಾಗ ಪೇಟೆಗೆ ಹೋಗಿಬಂದ ಬಸ್ ಚಾರ್ಜನ್ನೂ ಕಳೆಯಿರಿ. ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದು ಸರ್ಕಾರಿ ಬಸ್ಸಿನಲ್ಲಿ. ಕೊಡಗಿನ ಎಷ್ಟೋ ಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸು. ಹಾಗಾಗಿ ಬ್ಯಾಂಕಿಗೋ ಸಂತೆಗೋ ಹೇಗೂ ಪೇಟೆಗೆ ಹೋಗಬೇಕಾದ ದಿನಕ್ಕೇ ಕೂಪನ್ನನ್ನೂ ಜೋಡಿಸಿಟ್ಟುಕೊಳ್ಳಿ.