ಹೊರದೇಶದ ಗೆಳೆಯರ ಕಥೆ ಗದಗಿನ ಅಟ್ಟದ ಮೇಲಿತ್ತು

ನಮ್ಮ 1984ರ ಎಸ್‌ಎಸ್‌ಎಲ್‌ಸಿ ಬ್ಯಾಚಿನ ಸ್ಮರಣ ಪುಸ್ತಕ ಹೋದ ದೀಪಾವಳಿಗೆ ಕೊನೆಗೂ ಹೊರಗೆ ಬಂತು. ಡೆಮಿ ಸೈಜು, ಹದಿನಾರು ಪುಟಕ್ಕೊಂದರಂತೆ ಹನ್ನೊಂದು ಫಾರ್ಮು, 176 ಪುಟ. ಶುರು ಮಾಡಿದಾಗ ಗ್ರೂಪಿನಲ್ಲಿ ಒಬ್ಬನೂ ಆಗುತ್ತದೆ ಅನ್ನಲಿಲ್ಲ. "ಲಗ್ನಪತ್ರಿಕಿ ಹೊಡಿಯಾಂವಗ ಇತಿಹಾಸ ಯಾಕ ಬೇಕಲೇ?" ಅಂತ ಒಬ್ಬ ಬರೆದ. ಅದಕ್ಕೆ 23 ನಗುವ ಮುಖ ಬಿದ್ದವು. ಎಣಿಸಿ ಇಟ್ಟಿದ್ದೇನೆ.

ಸ್ಮರಣ ಸಂಚಿಕೆ ಮಾಡಿ ಕೈ ಸುಟ್ಟುಕೊಂಡವರಿಗೆ ಉಳಿದದ್ದೆಲ್ಲ ಗೊತ್ತಿರುತ್ತದೆ. ಸಾಲಿಗೆ ಹೋಗಿ ಜನರಲ್ ರಜಿಸ್ಟರ್ ನೋಡುವುದು, ಹೆಸರು ಇಳಿಸಿಕೊಳ್ಳುವುದು, ಫೋನ್ ನಂಬರ್ ಕೂಡಿಸುವುದು, ಆರು ಮಂದಿ ಪಾಟೀಲರಲ್ಲಿ ಯಾರು ಯಾರು ಅಂತ ಬೇರೆ ಮಾಡುವುದು. ಹುಟ್ಟಿದ ತಾರೀಖು ಮಾತ್ರ ನಂಬಬೇಡಿ. ನಮ್ಮ ಕ್ಲಾಸಿನಲ್ಲಿ ಸುಮಾರು ಇಪ್ಪತ್ತು ಮಂದಿ ಜೂನ್ 1ಕ್ಕೆ ಹುಟ್ಟಿದ್ದಾರೆ. ಹೆಸರು ಹಚ್ಚುವಾಗ ಮಾಸ್ತರು ಬರೆದುಕೊಂಡ ತಾರೀಖು ಅದು, ಅಲ್ವಾ.

ನನಗೆ ಕೈ ಕೊಟ್ಟಿದ್ದು ಹೊರದೇಶದವರ ಅಧ್ಯಾಯ. ರಜಿಸ್ಟರ್‌ನಲ್ಲಿ ಎರಡು ವಿಭಾಗ ಸೇರಿ ತೊಂಬತ್ತರ ಆಸುಪಾಸು ಹೆಸರು. ಪತ್ತೆ ಆದವರು 81. ಅದರಲ್ಲಿ ಹೊರದೇಶಕ್ಕೆ ಹೋಗಿ ನೆಲೆ ನಿಂತವರು 13. ಅಮೆರಿಕ ಐದು, ಗಲ್ಫ್ ನಾಲ್ಕು, ಆಸ್ಟ್ರೇಲಿಯಾ ಎರಡು, ಲಂಡನ್ ಒಂದು, ಸಿಂಗಾಪುರ ಒಂದು. ಪುಸ್ತಕ ಬೇಕು ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವರು ಇವರೇ. ಬರೆದು ಕೊಡ್ರಿ ಅಂದರೆ ಮಾತೇ ಇಲ್ಲ.

ಮೊದಲು ಗೂಗಲ್ ಫಾರ್ಮ್ ಮಾಡಿದೆ. ಮೂವತ್ತು ಪ್ರಶ್ನೆ. ಆರು ತಿಂಗಳಲ್ಲಿ ನಾಲ್ಕು ಮಂದಿ ತುಂಬಿದರು. ಅದರಲ್ಲಿ ಒಬ್ಬ 'ಸಾಲಿಯ ಮರೆಯಲಾಗದ ನೆನಪು' ಅನ್ನುವ ಕಡೆ 'ಬಹಳ ಇವೆ' ಅಂತಷ್ಟೇ ಬರೆದಿದ್ದ.

ಆಮೇಲೆ ವಿಡಿಯೊ ಕಾಲ್. ಭಾನುವಾರ ಬೆಳಿಗ್ಗೆ ನಮಗೆ ಏಳು ಗಂಟೆ ಅಂದರೆ ಟೆಕ್ಸಾಸ್‌ನವನಿಗೆ ಶನಿವಾರ ರಾತ್ರಿ ಎಂಟೂವರೆ, ಮೆಲ್ಬರ್ನ್‌ನವಳಿಗೆ ಹನ್ನೊಂದೂವರೆ. ಚಂದ ಹೊಂದಿತು ಅಂದುಕೊಂಡೆ. ಕುವೈತ್‌ನವನು ಬೈದ. ಅವನಿಗೆ ಬೆಳಗಿನ ಜಾವ ನಾಲ್ಕೂವರೆ, ಮೇಲೆ ಭಾನುವಾರ ಅಲ್ಲಿ ಕೆಲಸದ ದಿನ. ನವೆಂಬರ್ ಬಂತು, ಅಮೆರಿಕದವರು ಗಡಿಯಾರ ಒಂದು ತಾಸು ಹಿಂದಕ್ಕೆ ತಿರುಗಿಸಿದರು. ನಾನು ಏಳಕ್ಕೆ ಕೂತು ನನ್ನ ಮುಖ ನಾನೇ ನೋಡಿಕೊಂಡೆ, ಅವರು ಎಂಟಕ್ಕೆ ಬಂದರು. ಬಂದು ಏನು ಮಾತಾಡಿದರು? ಮಕ್ಕಳ ಕಾಲೇಜು, ಮಂಡಿನೋವು.

ಧ್ವನಿ ಮೆಸೇಜನ್ನು ಮೊಬೈಲ್‌ನಿಂದಲೇ ಬರಹಕ್ಕೆ ಇಳಿಸುವ ಪ್ರಯೋಗವನ್ನೂ ಮಾಡಿದೆ. ನಮ್ಮ ಗದಗಿನ ಮಾತು ಅದಕ್ಕೆ ಹತ್ತಲಿಲ್ಲ. 'ಹೊಂಟೀನಿ' ಅಂದರೆ 'ಹೋಟೆಲಿನಿ' ಅಂತ ಬರೆಯಿತು. ಎರಡು ವಾರ ಅದರಲ್ಲೇ ಹೋಯಿತು.

ದಾರಿ ಸಿಕ್ಕಿದ್ದು ಅಚಾನಕ್. ಮಸ್ಕತ್‌ನಲ್ಲಿರುವ ಗೆಳೆಯನ ಅವ್ವನಿಗೆ ಆರಾಮ ಇಲ್ಲ ಅಂತ ಗದಗಿಗೆ ಹೊಂದಿಕೊಂಡ ಬೆಟಗೇರಿಗೆ ನೋಡಲು ಹೋಗಿದ್ದೆ. ಚಹಾ ಕುಡಿಯುವಾಗ ಸುಮ್ನೆ ಕೇಳಿದೆ, ಅವ್ವಾ, ಇವ ಪರದೇಶಕ್ಕ ಹೋಗಿದ್ದು ಯಾವಾಗ? "ಅದೆಲ್ಲ ನನಗೇನ್ ಗೊತ್ತೋ ತಮ್ಮಾ. ಪತ್ರ ಅದಾವ ನೋಡು, ಅಟ್ಟದ ಮ್ಯಾಲ ಟ್ರಂಕಿನ್ಯಾಗ." ಟ್ರಂಕು ಇಳಿಸಿದೆ. ಹಳೇ ಇಳಕಲ್ ಸೀರೆಯ ಗಂಟಿನಲ್ಲಿ ಸುಮಾರು ನೂರಿಪ್ಪತ್ತು ಪತ್ರ.

ಅವತ್ತು ತಲೆಗೆ ಹೊಳೆಯಿತು. ನಾನು ಎರಡು ವರ್ಷ ಹುಡುಕಿದ್ದು ತಪ್ಪು ಕಡೆ. ಹೋದವರಿಗೆ ನೆನಪಿರುವುದಿಲ್ಲ, ಕಾಯುತ್ತ ಕೂತವರ ಹತ್ತಿರ ಎಲ್ಲ ಇರುತ್ತದೆ. ಹದಿಮೂರು ಮನೆ ತಿರುಗಿ ಹನ್ನೆರಡು ಅಟ್ಟ ಹತ್ತಿದೆ ನಾನು. ಐವತ್ತೇಳನೇ ವಯಸ್ಸಿನಲ್ಲಿ ಹನ್ನೆರಡು ಅಟ್ಟ ಅಂದರೆ ಹುಡುಗಾಟ ಅಲ್ಲ. ಎರಡು ಮನೆಯಲ್ಲಿ ಏನೂ ಸಿಗಲಿಲ್ಲ. ಒಂದು ಕಡೆ ಮನೆಯನ್ನೇ ಕೆಡವಿ ಅಪಾರ್ಟ್‌ಮೆಂಟ್ ಮಾಡಿದ್ದರು, ಇನ್ನೊಂದು ಕಡೆ ಗೆದ್ದಲು ತಿಂದಿತ್ತು. ಉಳಿದ ಹನ್ನೊಂದು ಕಡೆ ಏರೋಗ್ರಾಮ್, ಫೋಟೊ, ಎಸ್‌ಟಿಡಿ ಬೂತಿನ ಚೀಟಿ, ಒಂದು ಕಡೆ ಕ್ಯಾಸೆಟ್‌ನಲ್ಲಿ ತುಂಬಿಸಿ ಕಳಿಸಿದ ಮಾತು.

ತಾರೀಖು ಇಲ್ಲದ ಪತ್ರಕ್ಕೆ ವಿಳಾಸ ನೋಡಿರಿ. 'ಜಿ. ಧಾರವಾಡ' ಅಂತ ಇದ್ದರೆ ಅದು ಬಹುತೇಕ 1997ಕ್ಕಿಂತ ಹಿಂದಿನದು, ಗದಗ ಜಿಲ್ಲೆ ಆಗಿದ್ದೇ ಆ ವರ್ಷ. ಆದರೂ ಒಬ್ಬ ಪುಣ್ಯಾತ್ಮ 2003ರ ತನಕ ಧಾರವಾಡ ಜಿಲ್ಲೆ ಅಂತಲೇ ಬರೆದಿದ್ದಾನೆ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಹಿರಿಯರನ್ನು ಯಾವ ವರ್ಷ ಅಂತ ಕೇಳಿದರೆ ಸಿಗುವುದಿಲ್ಲ. ಗೋಕಾಕ್ ಚಳವಳಿ ಆದ ಬ್ಯಾಸಗಿ, ಕಪಿಲ್‌ದೇವ್ ಕಪ್ ಗೆದ್ದ ವರ್ಷ, ಕುವೈತ್ ಗಲಾಟೆ, ಹೀಗೆ ಗೂಟ ನೆಟ್ಟು ಅದರ ಆಚೆಯೋ ಈಚೆಯೋ ಕೇಳಬೇಕು.

ಹುಡುಗಿಯರನ್ನು ಹುಡುಕಿದ್ದು ಇನ್ನೊಂದು ಕಥೆ. ನಮ್ಮ ಕಡೆ ಮದುವೆಯಾದರೆ ಅಡ್ಡಹೆಸರಷ್ಟೇ ಅಲ್ಲ, ಎಷ್ಟೋ ಮನೆಯಲ್ಲಿ ಹೆಸರನ್ನೇ ಬದಲು ಮಾಡುತ್ತಾರೆ. ರಜಿಸ್ಟರ್‌ನ ಹೆಸರು ಹಿಡಿದು ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ದೇವರೇ ಗತಿ. ಇಲ್ಲಿ ನನ್ನ ಕಸುಬು ಕೈ ಹಿಡಿಯಿತು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು ಸುಮ್ನೆ ಬಂದಿಲ್ಲ. ನಮ್ಮಪ್ಪ ಟ್ರೆಡಲ್ ಅನ್ನುವ ಹಳೇ ಮುದ್ರಣ ಯಂತ್ರದ ಮೇಲೆ ಅಕ್ಷರದ ಮೊಳೆ ಜೋಡಿಸಿ ಹೊಡೆದ ಪ್ರತಿ ಲಗ್ನಪತ್ರಿಕೆಯದೂ ಒಂದೊಂದು ಸ್ಯಾಂಪಲ್ ತಂತಿಗೆ ಪೋಣಿಸಿ ಇಡುತ್ತಿದ್ದರು. 1986ರಿಂದ 1995ರ ತನಕದ ತಂತಿ ಬಿಚ್ಚಿದೆ. 'ಚಿ. ಕುಂ. ಸೌ.' ಅಂತ ನಮ್ಮ ಕ್ಲಾಸಿನ ಹುಡುಗಿಯ ಹೆಸರು, ಪಕ್ಕದಲ್ಲಿ ವರನ ಊರು, ಕೆಲವು ಕಡೆ 'ಇಂಜಿನಿಯರ್, ಅಮೇರಿಕಾ' ಅಂತ ದಪ್ಪ ಅಕ್ಷರದಲ್ಲಿ. ಒಂಬತ್ತು ಮಂದಿ ಹೀಗೆ ಸಿಕ್ಕರು. ಬೇರೆ ಪ್ರೆಸ್ಸಿನವರ ತಂತಿಯನ್ನೂ ನೋಡಿದ್ದೇನೆ. ಅವರು ಹೇಗೆ ಬಿಟ್ಟರು ಅಂತ ಕೇಳಬೇಡಿ, ಹೇಳುವುದಿಲ್ಲ. ಇನ್ನುಳಿದವರ ಸಲುವಾಗಿ ನಾಗರ ಪಂಚಮಿ ಕಾದೆ. ತವರಿಗೆ ಉಂಡಿ ತಿನ್ನಲು ಯಾರಾದರೂ ಬಂದೇ ಬರುತ್ತಾರೆ, ಅಕ್ಕನಾದರೂ ತಂಗಿಯಾದರೂ.

ಈಗ ದೊಡ್ಡ ಜಗಳಕ್ಕೆ ಬರುತ್ತೇನೆ.

ನಮ್ಮಲ್ಲಿ ಮೊದಲು ಹೊರದೇಶಕ್ಕೆ ಹೋದವರು ಯಾರು? ಟೆಕ್ಸಾಸ್‌ನವನು ತಾನೇ ಅಂತ ನಲವತ್ತು ಸಲ ಹೇಳಿದ್ದಾನೆ. ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ 1990ರ ಆಗಸ್ಟ್‌ನಲ್ಲಿ ಎಂಎಸ್ ಓದಲು ಹೋದವನು. ಗುರುವಂದನೆಯ ಸ್ಟೇಜ್ ಮೇಲೂ ಹಾಗೇ ಪರಿಚಯ ಮಾಡಿಕೊಟ್ಟಿದ್ದರು. ನನಗೆ ಮಸ್ಕತ್‌ನವನ ಮೇಲೆ ಅನುಮಾನ. ಅವನು ಎಸ್‌ಎಸ್‌ಎಲ್‌ಸಿ ನಪಾಸು, ಐಟಿಐನಲ್ಲಿ ವೆಲ್ಡಿಂಗ್ ಕಲಿತವನು. ಹತ್ತನೆತ್ತೆ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಅನ್ನುವ ಸರಕಾರದ ಅನುಮತಿ ಬೇಕು. ಅದಕ್ಕಾಗಿ ಬಾಂಬೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ. ಹೊರಟಿದ್ದು ಯಾವಾಗ ಅಂತ ಅವನನ್ನೇ ಕೇಳಿದರೆ "89 ಇರಬೇಕಲೇ, ಇಲ್ಲಾ 91" ಅಂದ. ಹಳೇ ಪಾಸ್‌ಪೋರ್ಟ್ ಕಳೆದಿದೆ. ಅವ್ವನಿಗೆ ಕುವೈತ್ ಗಲಾಟೆ ನೆನಪಿತ್ತು. ರೇಡಿಯೊದಲ್ಲಿ ಕೇಳಿ ಎರಡು ದಿನ ಊಟ ಬಿಟ್ಟಿದ್ದಳಂತೆ. ಮಸ್ಕತ್‌ಗೂ ಕುವೈತ್‌ಗೂ ಎಷ್ಟು ದೂರ ಅಂತ ಅವಳಿಗೆ ಯಾರು ಹೇಳಬೇಕು? ಅಂದರೆ ಇರಾಕ್ ಕುವೈತ್‌ಗೆ ನುಗ್ಗಿದ 1990ರ ಆಗಸ್ಟ್ 2ಕ್ಕೆ ಮಗ ಆ ಕಡೆ ಇದ್ದ.

ಗ್ರೂಪಿನಲ್ಲಿ ಹಾಕಿದೆ. ಟೆಕ್ಸಾಸ್‌ನವನು ಉತ್ತರ ಕೊಟ್ಟ: "ಅವಾಗ ಅಂವ ಇನ್ನೂ ಬಾಂಬೇದಾಗ ಇದ್ದ. ಅವ್ವನ ನೆನಪು ಪ್ರೂಫ್ ಅಲ್ಲಪಾ. ಅದೂ ಅಲ್ಲದ ನಪಾಸ್ ಆದವರು ಬ್ಯಾಚಿಗೆ ಹೆಂಗ ಬರ್ತಾರ?"

ಎರಡನೇ ಮಾತಿಗೆ ಸಿಟ್ಟು ಬಂತು. ಅವತ್ತೇ ನಿಯಮ ಮಾಡಿದೆ. ಎಂಟನೆತ್ತೆಯಿಂದ ಹತ್ತನೆತ್ತೆ ತನಕ ಒಂದು ದಿನ ನಮ್ಮ ಬೆಂಚಿನ ಮೇಲೆ ಕೂತಿದ್ದರೂ ಅವರು ನಮ್ಮ ಬ್ಯಾಚು. ಪುಸ್ತಕ ನಾನು ಮಾಡುವುದು, ನಿಯಮವೂ ನನ್ನದೇ.

ಮೊದಲನೇ ಮಾತಿಗೆ ಸಾಕ್ಷಿ ಬೇಕಿತ್ತು. ಟ್ರಂಕಿನ ಪತ್ರ ಮತ್ತೆ ಒಂದೊಂದೇ ತೆಗೆದೆ. ಎಲ್ಲದಕ್ಕೂ ಹಳೇದು ಅನ್ನಿಸಿದ ಏರೋಗ್ರಾಮ್‌ನಲ್ಲಿ ತಾರೀಖಿಲ್ಲ. ಕಳಿಸಿದವರ ವಿಳಾಸದಲ್ಲಿ ಕಂಪನಿಯ ಪಿ.ಒ. ಬಾಕ್ಸ್ ನಂಬರ್ ಅಷ್ಟೇ. ಸ್ಟಾಂಪು ಇರಬೇಕಾದ ಮೂಲೆಯಲ್ಲಿ ಚೌಕಾಕಾರದ ತೂತು. ಏರೋಗ್ರಾಮ್ ಗೊತ್ತಲ್ಲ, ಹಾಳೆಯೇ ಲಕೋಟೆ. ಸ್ಟಾಂಪು ಕತ್ತರಿಸಿದರೆ ಹಿಂದಿನ ನಾಲ್ಕು ಸಾಲೂ ಹೋಗುತ್ತವೆ. ಪತ್ರದಲ್ಲಿ 'ಅಪ್ಪಗ ಹೇಳಬ್ಯಾಡ' ಅನ್ನುವ ತನಕ ಇದೆ, ಆಮೇಲೆ ತೂತು.

ಅವನ ತಮ್ಮ ಸಣ್ಣವನಿದ್ದಾಗ ಸ್ಟಾಂಪು ಕೂಡಿಸುತ್ತಿದ್ದ. ಕೇಳಿದೆ. ಇಲ್ಲರೀ, ಎಲ್ಲಾ ಹೋತು ಅಂದ. ಮೂರನೇ ಸಲ ಕೇಳಿದಾಗ ಅವನ ಹೆಂಡತಿಯೇ ಕಪಾಟಿನಿಂದ ತಂದು ಕೊಟ್ಟಳು. ಇನ್ನೂರು ಪುಟದ ನೋಟ್‌ಬುಕ್ಕು, ಎಲ್ಲ ಅನ್ನದ ಅಗುಳಿನಿಂದ ಅಂಟಿಸಿದ್ದು. ಕೊನೆಯ ಪುಟದಲ್ಲಿ ರುಮಾಲು ಸುತ್ತಿದ ಒಮಾನ್ ಸುಲ್ತಾನ ಕೂತಿದ್ದ. ತಲೆಯ ಮೇಲೆ ಅರ್ಧ ದುಂಡು ಅಂಚೆ ಮುದ್ರೆ. ಭೂತಗನ್ನಡಿ ಹಿಡಿದರೆ 89 ಸ್ಪಷ್ಟ.

ಬಿಡಿಸುವುದು ಇನ್ನೊಂದು ಪರದಾಟ. ಮೊದಲು ಬೇರೆ ಸ್ಟಾಂಪಿನ ಮೇಲೆ ಪ್ರಯೋಗ ಮಾಡಿದೆ. ನೀರಿನಲ್ಲಿ ನೆನೆಹಾಕಿದರೆ ಇಂಕು ಹರಿದು ನೀಲಿ ನೀರಾಯಿತು. ಚಹಾ ಕೆಟಲ್ ಆವಿ ಹಿಡಿದರೆ ಕಾಗದ ಸುರುಳಿ ಸುತ್ತಿತು. ನಾಲ್ಕು ಹಾಳಾದವು. ಕೊನೆಗೆ ಬ್ಲಾಟಿಂಗ್ ಪೇಪರ್ ಮತ್ತು ನಮ್ಮ ಪ್ರೆಸ್ಸಿನ ಇನ್ನೊಂದು ಸಾಮಾನಿನಿಂದ ಬಿಟ್ಟಿತು. ಆ ಸಾಮಾನು ಯಾವುದು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ರಾತ್ರಿ ಹನ್ನೊಂದಕ್ಕೆ ಆ ಚೂರನ್ನು ಪತ್ರದ ತೂತಿನ ಮೇಲೆ ಇಟ್ಟೆ. ಕತ್ತರಿಯ ಸೊಟ್ಟ ಗೆರೆ ಕೂಡ ಸರಿಯಾಗಿ ಕೂತಿತು. ತಿರುಗಿಸಿ ಓದಿದೆ. 'ಇಲ್ಲಿ ವೆಲ್ಡಿಂಗ್ ಕೆಲಸ ಇಲ್ಲ. ಹೋಟೆಲ್‌ನಾಗ ಬಾಂಡೆ ತಿಕ್ಕಾಕತ್ತೇನಿ.'

ಮರುದಿನ ಮಸ್ಕತ್‌ಗೆ ಫೋಟೊ ಕಳಿಸಿದೆ. ಒಂದು ತಾಸು ಉತ್ತರ ಇಲ್ಲ. ಆಮೇಲೆ ಫೋನು ಬಂತು. "ಹಾಕಲೇ ಪುಸ್ತಕದಾಗ. ಅಪ್ಪ ಈಗ ಇಲ್ಲ. ಈಗ ಹೋಟೆಲ್ ನಂದೇ ಐತಿ."

ಮುದ್ರೆಯ ಫೋಟೊ 112ನೇ ಪುಟದಲ್ಲಿದೆ. ಟೆಕ್ಸಾಸ್‌ನವನು ಹೆಬ್ಬೆಟ್ಟು ಎತ್ತಿದ ಗುರುತು ಒಂದು ಕಳಿಸಿ ಸುಮ್ಮನಾದ.

ದುಡ್ಡಿನ ಮಾತು. ಒಟ್ಟು ಖರ್ಚು ಸುಮಾರು 1 ಲಕ್ಷ 25 ಸಾವಿರ, 200 ಪ್ರತಿಗೆ. ಕೂಡಿದ್ದು 1 ಲಕ್ಷ 5 ಸಾವಿರ. ಉಳಿದದ್ದು ಯಾರ ಕಿಸೆಯಿಂದ ಹೋಯಿತು ಅಂತ ನಮ್ಮ ಮನೆಯಲ್ಲಿ ಕೇಳಿದರೆ ಹೇಳುತ್ತಾರೆ. ಅಮೆರಿಕದಿಂದ ಒಬ್ಬಳು ಸಾವಿರ ಡಾಲರ್ ಹಾಕುತ್ತೇನೆ ಅಂದಳು. ಕುಣಿದೆ. ಆಡಿಟರ್ ತಡೆದರು. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅಡ್ಡಿಯಿಲ್ಲ. ಪಾಸ್‌ಪೋರ್ಟ್ ಬದಲಾಯಿಸಿಕೊಂಡವರು ಕೊಟ್ಟರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಕಾಯ್ದೆ ಕೆಳಗೆ ಬರುತ್ತದೆ. ನಮ್ಮಂಥ ನೋಂದಣಿ ಇಲ್ಲದ ಗುಂಪಿಗೆ ಅದರ ಗೊಡವೆಯೇ ಬೇಡ ಅಂತ ಬಿಟ್ಟೆ. ಐದು ಮಂದಿಯ ದುಡ್ಡು ಹೀಗೆ ತಪ್ಪಿತು. ಪುಸ್ತಕ ಅಂಚೆಯಲ್ಲಿ ಕಳಿಸಲು ರೇಟು ಕೇಳಿ ಹೌಹಾರಿದೆ. ಬಾಣಂತನಕ್ಕೆ ಹೊರಟ ಬೀಗರ ಸೂಟ್‌ಕೇಸಿನಲ್ಲಿ, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ನಡುವೆ ಕಳಿಸಿದೆ. ಲಂಡನ್ ಪ್ರತಿಗೆ ಎಣ್ಣೆ ಹತ್ತಿದೆಯಂತೆ.

ಒಂದು ಫಾರ್ಮು ಎರಡು ಸಲ ಹೊಡೆಸಿದೆ, ಅದೇ ಒಂಬತ್ತು ಸಾವಿರ. ಕ್ಲಾಸಿನ ಗ್ರೂಪ್ ಫೋಟೊದ ನೆಗೆಟಿವ್ ಸಿಕ್ಕಿತ್ತು. ಖುಷಿಯಲ್ಲಿ ತಿರುವಿ ಸ್ಕ್ಯಾನ್ ಮಾಡಿದ್ದೇನೆ. 'ಎಡದಿಂದ ಬಲಕ್ಕೆ' ಅಂತ ಹಾಕಿದ ಹೆಸರೆಲ್ಲ ಉಲ್ಟಾ. ಮೂವತ್ತು ವರ್ಷ ಪ್ರೆಸ್ಸಿನಲ್ಲಿದ್ದ ನನಗೆ ಕಾಣಲಿಲ್ಲ. ಕಿರಾಣಿ ಅಂಗಡಿಯ ಗೆಳೆಯ ನೋಡಿ, "ಲೇ, ನನ್ನ ಅಂಗಿ ಕಿಸೆ ಬಲಕ್ಕ ಯಾವಾಗ ಬಂತಲೇ?" ಅಂದ. ಪ್ರೂಫನ್ನು ಪ್ರೆಸ್ಸಿಗೆ ಸಂಬಂಧ ಇಲ್ಲದವರಿಗೆ ತೋರಿಸಬೇಕು ಅನ್ನುವುದು ಇದಕ್ಕೇ.

ಪುಸ್ತಕ ಬಂದ ಮೇಲೆ ಬೆಟಗೇರಿಗೆ ಹೋಗಿ ಅವ್ವನಿಗೆ ಮೊದಲ ಪ್ರತಿ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಆ ಕಾಲದಲ್ಲಿ ಪತ್ರ ಓದಿ ಹೇಳುತ್ತಿದ್ದವನು ತಮ್ಮನೇ. ಅಪ್ಪ ಸಂಜೆ ಬಂದು ತಾವೇ ಮತ್ತೊಮ್ಮೆ ಓದಿಕೊಳ್ಳುತ್ತಿದ್ದರಂತೆ. ನೋಟ್‌ಬುಕ್ಕಿನ ಸ್ಟಾಂಪು ಎಲ್ಲ ತಿರುಗಿಸಿ ನೋಡಿದ್ದೆ ನಾನು. ಉಳಿದದ್ದೆಲ್ಲ ಲಕೋಟೆಯ ಮೇಲಿನವು. ಏರೋಗ್ರಾಮ್‌ಗೆ ಕತ್ತರಿ ಹಾಕಿದ್ದು ಇದೊಂದೇ. ಬಾಗಿಲ ಹತ್ತಿರ ತಮ್ಮನನ್ನು ಕೇಳಿದೆ, ಇದನ್ನ ಸ್ಟಾಂಪಿನ ಸಲುವಾಗಿ ಕತ್ತರಿಸಿದ್ಯಾ?

"ಮತ್ತೇನರೀ ಅಣ್ಣಾರ, ಸ್ಟಾಂಪಿಗೇ. ನನಗ ಆಗ ಹನ್ನೆರಡು ವರ್ಷ" ಅಂದ. ಒಳಗೆ ಅವ್ವ ಕೂತ ಕಡೆ ಒಮ್ಮೆ ನೋಡಿದ. "ನೀವು ನಾಕು ಸ್ಟಾಂಪ್ ಹಾಳ ಮಾಡೀರಿ. ನೋಟ್‌ಬುಕ್ ಯಾವಾಗ ಕೊಡ್ತೀರಿ?"