ಬಯಲಿನಲ್ಲಿ ಬೆಳೆವ ನಾಟಿ ಟೊಮೆಟೊಗೆ ನಂಜುರೋಗ: ಗುರುತಿಸುವುದು, ತಡೆಯುವುದು

ನಂಜುರೋಗ (ವೈರಸ್‌ನಿಂದ ಬರುವ ರೋಗ) ತಗುಲಿದ ಗಿಡವನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ. ಹೊಸ ಹೈಬ್ರಿಡ್‌ಗಳಲ್ಲಿ ಹಲವಕ್ಕೆ ಕಾಡು ಟೊಮೆಟೊ ಜಾತಿಗಳಿಂದ ನಿರೋಧಕ ಗುಣವನ್ನು ತಂದು ಸೇರಿಸಲಾಗಿದೆ. ತಲೆಮಾರುಗಳಿಂದ ಬೀಜ ಉಳಿಸಿಕೊಂಡು ಬಂದ ನಾಟಿ ತಳಿಗಳಲ್ಲಿ ಆ ಗುಣ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಅವನ್ನು ಬೇಸಾಯದ ಕ್ರಮದಿಂದಲೇ ಕಾಪಾಡಿಕೊಳ್ಳಬೇಕು.

ಮೊದಲು ರೋಗವನ್ನು ಸರಿಯಾಗಿ ಗುರುತಿಸಿ. ಬಿಳಿ ನೊಣದಿಂದ ಹರಡುವ ಎಲೆ ಮುಟುರು ರೋಗದಲ್ಲಿ ತುದಿಯ ಚಿಗುರೆಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ ಮುದುಡಿಕೊಳ್ಳುತ್ತವೆ. ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಪೊದೆಯಂತಾಗುತ್ತದೆ, ಹೂವು ಉದುರುತ್ತದೆ. ಬಿಸಿಲಿನ ತಾಪಕ್ಕೂ ಎಲೆ ಸುರುಳುವುದುಂಟು, ಆದರೆ ಆಗ ಸುರುಳುವುದು ಹೆಚ್ಚಾಗಿ ಕೆಳಗಿನ ಬಲಿತ ಎಲೆಗಳು. ಚಿಗುರು ಹಸಿರಾಗಿಯೇ ಇರುತ್ತದೆ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಗಿಡ ಕಿತ್ತವರು ಬಹಳ ಮಂದಿ. ಚುಕ್ಕೆ ಬಾಡು ರೋಗ ಥ್ರಿಪ್ಸ್ ನುಸಿಯಿಂದ ಬರುತ್ತದೆ: ಎಳೆಯ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಕುಡಿ ಒಣಗುತ್ತದೆ, ಹಣ್ಣಿನ ಮೇಲೆ ಉಂಗುರಾಕಾರದ ಕಲೆಗಳು ಮೂಡುತ್ತವೆ. ತಿಳಿ ಹಸಿರು, ಕಡು ಹಸಿರು ಮಚ್ಚೆಗಳು ಬೆರೆತಿದ್ದರೆ ಅದು ಮೊಸಾಯಿಕ್. ಎಲೆ ದಾರದಂತೆ ಸಪುರವಾಗಿದ್ದರೆ ಸಾಮಾನ್ಯವಾಗಿ ಗಿಡಹೇನು ತಂದ ಸೌತೆ ಮೊಸಾಯಿಕ್ ನಂಜು.

ನನ್ನ ಅಭಿಪ್ರಾಯದಲ್ಲಿ ಶ್ರಮದ ಹೆಚ್ಚಿನ ಪಾಲು ಸಸಿಮಡಿಗೇ ಸಲ್ಲಬೇಕು, ಏಕೆಂದರೆ ಎಳೆಯದರಲ್ಲಿ ನಂಜು ತಗುಲಿದ ಗಿಡ ಫಸಲನ್ನೇ ಕೊಡದಿರಬಹುದು, ಕಾಯಿ ಕಟ್ಟಿದ ಮೇಲೆ ತಗುಲಿದರೆ ನಷ್ಟ ಅಷ್ಟಿರುವುದಿಲ್ಲ. ಬಿತ್ತಿದ ದಿನದಿಂದಲೇ ಮಡಿಗೆ 40ರಿಂದ 50 ಮೆಶ್‌ನ (ಅಂಗುಲಕ್ಕೆ ಅಷ್ಟು ಕಣ್ಣುಗಳಿರುವ) ನೈಲಾನ್ ಪರದೆ ಕಟ್ಟಿ, ಅದರ ಬುಡವನ್ನು ಮಣ್ಣಿನಲ್ಲಿ ಹೂತುಬಿಡಿ. ಹಳೆಯ ಟೊಮೆಟೊ ಹೊಲದ ಪಕ್ಕದಲ್ಲಿ ಹೊಸ ನಾಟಿ ಬೇಡ. ನಾಟಿಗೆ ಕೆಲವು ವಾರ ಮೊದಲೇ ಹೊಲದ ಸುತ್ತ ಮುಸುಕಿನ ಜೋಳದ ದಟ್ಟ ಸಾಲುಗಳನ್ನು ಬಿತ್ತಿದರೆ, ಗಾಳಿಯಲ್ಲಿ ತೇಲಿ ಬರುವ ಕೀಟಗಳಿಗೆ ಅದು ತಡೆಯಾಗುತ್ತದೆ. ಹಳದಿ ಅಂಟುಪಟ್ಟಿಗಳು ಬಿಳಿ ನೊಣ ಬಂದಿರುವುದನ್ನು ತಿಳಿಸುತ್ತವೆಯೇ ಹೊರತು, ಅವುಗಳಿಂದಲೇ ಹತೋಟಿ ಸಾಧ್ಯವಿಲ್ಲ. ಕೀಟನಾಶಕದ ಮೇಲೂ ಪೂರ್ತಿ ಭರವಸೆ ಇಡುವಂತಿಲ್ಲ: ಗಿಡಹೇನು ಒಮ್ಮೆ ಚುಚ್ಚಿ ನೋಡುವಷ್ಟರಲ್ಲೇ ನಂಜನ್ನು ದಾಟಿಸಿರುತ್ತದೆ.

ಎಲೆ ಮುಟುರು ಕಂಡ ಎಳೆಯ ಗಿಡವನ್ನು, ಬಿಳಿ ನೊಣ ಇನ್ನೂ ಚುರುಕಾಗದ ಬೆಳಗಿನ ಹೊತ್ತಿನಲ್ಲಿ, ಮೊದಲು ಚೀಲದಿಂದ ಮುಚ್ಚಿ ಆಮೇಲೆ ಕೀಳಬೇಕು. ಅಲ್ಲಾಡಿಸಿ ಕಿತ್ತರೆ ಅದರ ಮೇಲಿನ ನೊಣಗಳೆಲ್ಲ ಪಕ್ಕದ ಗಿಡಕ್ಕೆ ಹಾರುತ್ತವೆ. ಟೊಮೆಟೊ ಮೊಸಾಯಿಕ್ ಹರಡಲು ಕೀಟ ಬೇಕಿಲ್ಲ, ನಮ್ಮ ಕೈ ಮತ್ತು ಕತ್ತರಿಯೇ ಸಾಕು. ಆದ್ದರಿಂದ ಕುಡಿ ಚಿವುಟುವುದು, ಕಡ್ಡಿಗೆ ಕಟ್ಟುವುದು ಆರೋಗ್ಯವಂತ ಸಾಲಿನಿಂದ ಆರಂಭವಾಗಿ ಅನುಮಾನದ ಸಾಲಿನಲ್ಲಿ ಮುಗಿಯಲಿ. ಹೊಗೆಸೊಪ್ಪಿನಲ್ಲೂ ಇಂಥ ನಂಜು ಇರಬಹುದಾದ್ದರಿಂದ, ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಗಿಡ ಮುಟ್ಟಬಾರದು.

ನಾಟಿ ತಳಿ ಬೆಳೆಯುವವರು ಬೀಜವನ್ನೂ ತಾವೇ ಇಡುವುದರಿಂದ ಇನ್ನೊಂದು ಎಚ್ಚರಿಕೆ ಅಗತ್ಯ. ಎಲೆ ಮುಟುರು ರೋಗ ಹರಡುವುದು ಮುಖ್ಯವಾಗಿ ಬಿಳಿ ನೊಣದಿಂದಲೇ. ಟೊಮೆಟೊ ಮೊಸಾಯಿಕ್ ನಂಜು ಮಾತ್ರ ಬೀಜದ ಹೊರಪದರದಲ್ಲಿ ಉಳಿದುಕೊಳ್ಳುತ್ತದೆ. ಮಚ್ಚೆಯಿಲ್ಲದ ಗಿಡಗಳನ್ನು ಹೂ ಬಿಡುವಾಗಲೇ ಗುರುತು ಮಾಡಿಟ್ಟು, ಅವುಗಳ ಹಣ್ಣಿನಿಂದ ತೆಗೆದ ಬೀಜವನ್ನು ಲೀಟರ್ ನೀರಿಗೆ 100 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ (ಒಂದು ಕ್ಷಾರೀಯ ಲವಣ) ಕರಗಿಸಿದ ದ್ರಾವಣದಲ್ಲಿ ಸುಮಾರು 20 ನಿಮಿಷ ನೆನೆಸಿ. ಕೈಗವಸು ತೊಟ್ಟುಕೊಂಡಿರಿ, ಈ ದ್ರಾವಣ ಚರ್ಮವನ್ನು ಸುಡುತ್ತದೆ. ಬಳಿಕ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ನೆರಳಿನಲ್ಲಿ ಒಣಗಿಸಿ. ಹಣ್ಣು ಹಿಂಡಿದ ಪಾತ್ರೆಯಲ್ಲಿ ಈ ಬೀಜವನ್ನು ಮತ್ತೆ ಹಾಕಬೇಡಿ.