ಮಾದರಿ ಡೀಸೆಲ್ ಎಂಜಿನ್ನಿಗೆ ಹ್ಯಾಂಡ್ ಬ್ರೇಕ್ ಕೂರಿಸಿದ ಬಗೆ

ಕಲಬುರಗಿಯ ನನ್ನ ಮನೆಯಲ್ಲಿ 1:87 ಪ್ರಮಾಣದ ಡೀಸೆಲ್ ಎಂಜಿನ್ ಮಾದರಿಗಳಿಗೆ ಬಿಡಿಭಾಗ ಜೋಡಿಸುವಾಗ ನಾನು ಹೆಚ್ಚು ಹೊತ್ತು ಕಳೆಯುವುದು, ನಿಂತ ಎಂಜಿನ್ ಉರುಳದಂತೆ ಕೈಚಕ್ರ ತಿರುವಿ ಹಾಕುವ ಹ್ಯಾಂಡ್ ಬ್ರೇಕಿನ ಮೇಲೆ. ಅಗ್ಗದ ಮಾದರಿಗಳಲ್ಲಿ ಕೈಚಕ್ರವೊಂದನ್ನು ಅಚ್ಚೊತ್ತಿ ಬಿಟ್ಟಿರುತ್ತಾರೆ. ಅದು ಏನನ್ನು ಎಳೆಯುತ್ತದೆ ಎಂಬುದಕ್ಕೆ ಕೆಳಗೆ ಯಾವ ಕುರುಹೂ ಇರುವುದಿಲ್ಲ.

ನಿಜವಾದ ಎಂಜಿನ್ನಿನಲ್ಲಿ ಗಾಳಿಯ ಒತ್ತಡದಿಂದ ಹಿಡಿಯುವ ಏರ್ ಬ್ರೇಕ್ ಇರುವಾಗ ಇದೇಕೆ ಎಂದು ನಮ್ಮ ಓಣಿಯ ನಿವೃತ್ತ ಲೋಕೋ ಪೈಲಟ್ ಕಾಕಾ ಅವರನ್ನು ಕೇಳಿದ್ದೆ. "ಎಂಜಿನ್ ಬಂದ್ ಆದ ಮ್ಯಾಲ ಕಂಪ್ರೆಸರ್ ನಿಲ್ತದ. ಸಿಲಿಂಡರನ್ಯಾಗಿನ ಗಾಳಿ ಎಷ್ಟೊತ್ತು ನಿಂತೀತು?" ಎಂದರು. ಚಕ್ರ ತಿರುವಿದಾಗ ಸರಪಳಿ ಸುತ್ತಿಕೊಂಡು, ರಾಟೆಯ ಮೂಲಕ ಬೋಗಿಯ (ಎಂಜಿನ್ನಿನ ಅಡಿಯಲ್ಲಿ ಗಾಲಿಗಳನ್ನು ಹೊತ್ತು ಹೊರಳುವ ಚೌಕಟ್ಟಿನ) ಬ್ರೇಕ್ ಸನ್ನೆಯನ್ನು ಎಳೆದು, ಬ್ಲಾಕುಗಳನ್ನು ಗಾಲಿಗೆ ಒತ್ತುತ್ತದೆ. ಹಲ್ಲುಗಾಲಿಗೆ ಸಿಕ್ಕಿದ ಕೊಂಡಿ ಆ ಬಿಗಿತವನ್ನು ಹಿಡಿದಿಡುತ್ತದೆ. ಸಾಮಾನ್ಯವಾಗಿ ಇದು ಎಲ್ಲ ಗಾಲಿಗಳಿಗೂ ತಾಗುವುದಿಲ್ಲ. ಆದ್ದರಿಂದ ಎರಡೂ ಬೋಗಿಗಳಿಗೆ ಸರಪಳಿ ಹಾಕುವುದು, ಸಮತೋಲ ಚೆನ್ನಾಗಿ ಕಂಡರೂ, ನನಗೆ ಒಪ್ಪಿಗೆಯಲ್ಲ.

ಅಮೆರಿಕನ್ ಮಾದರಿಯ ಕೈಚಕ್ರದ ಸಾಮಾನ್ಯ ವ್ಯಾಸ 22 ಇಂಚು, ಅಂದರೆ ಸುಮಾರು 560 ಮಿ.ಮೀ.; ನಮ್ಮ ಪ್ರಮಾಣದಲ್ಲಿ 6.4 ಮಿ.ಮೀ. ಸೂಪರ್ ಮಾರ್ಕೆಟ್ ಕಡೆಯ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ 30 ಗೇಜಿನ ತಾಮ್ರದ ತಂತಿಯ ಎನಾಮಲ್ ಕೆರೆದು, 5.8 ಮಿ.ಮೀ. ಡ್ರಿಲ್ ಬಿಟ್ಟಿನ ಮೇಲೆ ಬಿಗಿಯಾಗಿ ಸುತ್ತಿ, ಕತ್ತರಿಸಿ, ಒಂದೊಂದು ಉಂಗುರವನ್ನೂ ಬೆಸುಗೆ ಹಾಕಿ ಮುಚ್ಚಿದೆ. ತಂತಿಯ ದಪ್ಪ ನಿಜವಾದ ಎಂಜಿನ್ನಿನ ಅಳತೆಗೆ ಹಿಗ್ಗಿಸಿದರೆ ಸುಮಾರು 27 ಮಿ.ಮೀ. ಆಗುವುದರಿಂದ ಕೈಹಿಡಿತದ ಅಂಚು ನಂಬುವಂತೆ ಕಾಣುತ್ತದೆ. ಸರಪಳಿಗೆ ಇಂಚಿಗೆ 40 ಕೊಂಡಿಗಳಿರುವುದನ್ನು ಆರಿಸಿದೆ. ಅದಕ್ಕೆ ಬಣ್ಣ ಬಳಿದರೆ ಕೊಂಡಿಗಳು ಅಂಟಿಕೊಂಡು ಕಡ್ಡಿಯಂತೆ ನಿಲ್ಲುತ್ತವೆ. ಲೋಹವನ್ನು ಕಪ್ಪಾಗಿಸುವ ದ್ರಾವಣವೇ ಸರಿ.

ಸರಪಳಿಯನ್ನು ಬಿಗಿಯಾಗಿ ಕಟ್ಟಬಾರದು. ಬಿಗಿದರೆ ತಿರುವಿನಲ್ಲಿ ಬೋಗಿ ಹೊರಳಲಾರದೆ ಹಳಿ ತಪ್ಪುತ್ತದೆ. ಅದೃಷ್ಟಕ್ಕೆ, ಓಡುವ ಎಂಜಿನ್ನಿನ ಹ್ಯಾಂಡ್ ಬ್ರೇಕ್ ಸಡಿಲಿಸಿಯೇ ಇರಬೇಕಾದ್ದರಿಂದ, ಜೋತುಬಿದ್ದ ಸರಪಳಿಯೇ ವಾಸ್ತವಕ್ಕೂ ಹತ್ತಿರ. ಬ್ರೇಕ್ ಕಟ್ಟಿ ನಿಲ್ಲಿಸಿದಂತೆ ತೋರಿಸುವ ಪ್ರದರ್ಶನದ ಮಾದರಿಗೆ ಮಾತ್ರ ಬಿಗಿಯಾಗಿ ಕಟ್ಟಿ, ಗಾಲಿಯ ಕೆಳಗೆ ಕಟ್ಟಿಗೆಯ ತುಂಡು ಇಡುತ್ತೇನೆ.

ಲೋಹದ ಸರಪಳಿ ಗಾಲಿಗೂ ಚಾಸಿಗೂ ಒಟ್ಟಿಗೆ ತಾಗಿದರೆ ಶಾರ್ಟ್ ಆಗುವ ಅಪಾಯವಿದೆ. ಅದಕ್ಕಾಗಿ ಅದರ ಮೇಲ್ತುದಿಯನ್ನು ಪ್ಲಾಸ್ಟಿಕ್ ರಾಟೆಗೆ ಅಂಟಿಸಿ, ಬೋಗಿಯನ್ನು ಎರಡೂ ಕಡೆ ಪೂರ್ತಿ ಹೊರಳಿಸಿ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿದ ಮೇಲೆಯೇ ಹಳಿಗೆ ವಿದ್ಯುತ್ ಕೊಡುತ್ತೇನೆ.